ಪೈಲ್ವಾನನ ಬೆನ್ನಿನ ಮಣ್ಣು

“ಗುರುಗಳೇ, ಕೋರ್ಟೇ ಬಿಟ್ಟ ಮೇಲೂ ಒಬ್ಬನನ್ನು ಮೋಸಗಾರ ಅನ್ನುವುದು ತಪ್ಪಲ್ಲವೇ?”

ಕೇಳಿದವನು ನಿಂಗರಾಜ. ಮಠದ ಶಿಷ್ಯರಲ್ಲಿ ಕಿರಿಯವನು, ಓದಿನಲ್ಲಿ ಚುರುಕು, ಫುಟ್‌ಬಾಲ್ ಎಂದರೆ ಪ್ರಾಣ ಬಿಡುವವನು. ಅವನು ಮೆಚ್ಚಿದ ಆಟಗಾರ ಚೆಂಡಿನ ಗಾಳಿ ಇಳಿಸಿ ಮೋಸದಿಂದ ಗೆದ್ದನೆಂದು ಆಟದ ಸಂಘದವರು ವರ್ಷದ ಮಟ್ಟಿಗೆ ಅವನನ್ನು ಹೊರಗಿಟ್ಟಿದ್ದರು. ಹಿಂದಿನ ದಿನ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತ್ತು. ಪೇಟೆಯಲ್ಲಿ ಒಂದು ಬೀದಿಯವರು ಪಟಾಕಿ ಹೊಡೆದರು, ಇನ್ನೊಂದು ಬೀದಿಯವರು ಬಾಯಿಗೆ ಬಂದದ್ದು ಬೈದರು.

“ಕೋರ್ಟು ಏನು ಹೇಳಿತು?” ಎಂದು ಗುರುಗಳು ಕೇಳಿದರು.

“ಸಂಘದವರು ಶಿಕ್ಷೆ ಕೊಟ್ಟ ರೀತಿ ಸರಿಯಿಲ್ಲ ಅಂತ.”

“ನೀನು ಬೀದಿಯಲ್ಲಿ ಏನೆಂದು ಕೂಗಿದೆ?”

“ಅವನು ಮೋಸ ಮಾಡೇ ಇಲ್ಲ ಅಂತ.”

ಗುರುಗಳು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಕುಳಿತಲ್ಲಿಂದಲೇ ಒಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗಿದ್ದದ್ದು ಒಂದೇ ಎತ್ತು. ಅವನ ಹೊಲದ ಬದುವಿಗೆ ಅಂಟಿಕೊಂಡೇ ಪಕ್ಕದ ಊರಿನವನೊಬ್ಬನ ಹೊಲ. ಆ ನೆರೆಯವನಿಗೂ ಒಂದೇ ಎತ್ತು. ಉಳುವ ಕಾಲ ಬಂದರೆ ಎರಡು ಎತ್ತಿಗೂ ಒಂದೇ ನೊಗ. ಈ ದಿನ ಇವನ ಹೊಲ, ನಾಳೆ ಅವನ ಹೊಲ. ಯಾರದ್ದು ಮೊದಲು ಎಂದು ಅವರು ಒಂದು ದಿನವೂ ವಾದ ಮಾಡಿದವರಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಇವನ ಉಪ್ಪಿನಕಾಯಿ ಅವನಿಗೆ, ಅವನ ಮುದ್ದೆ ಇವನಿಗೆ. ಅಣ್ಣತಮ್ಮಂದಿರಿಗೂ ಅಷ್ಟು ಹೊಂದಿಕೆ ಇರುವುದಿಲ್ಲ.

ರೈತನ ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಅವನ ಬೆನ್ನು ನೆಲ ಮುಟ್ಟಿದ್ದನ್ನು ಕಂಡವರಿರಲಿಲ್ಲ. ಅವನು ಗೆದ್ದ ಮಾರನೆಯ ದಿನ ಆ ಊರಿನ ನರಪೇತಲನೂ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ. ರೈತನೂ ಅವರಲ್ಲೊಬ್ಬ. ಬದುಕಿನಲ್ಲಿ ತಾನಾಗಿ ಏನನ್ನೂ ಗೆದ್ದವನಲ್ಲ. ಪೈಲ್ವಾನ ಗೆದ್ದಾಗಲೆಲ್ಲ ತಾನೇ ಗೆದ್ದೆ ಎಂದುಕೊಂಡು ಹಿಗ್ಗುತ್ತಿದ್ದ. ಅದರಲ್ಲಿ ತಪ್ಪೇನಿಲ್ಲ, ಬಡವನ ಹಿಗ್ಗಿಗೆ ಯಾರೂ ಸುಂಕ ಕೇಳಬಾರದು.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಕುಸ್ತಿ ಮುಗಿದ ಕೂಡಲೇ ಜನ ಅಖಾಡಕ್ಕೆ ನುಗ್ಗಿ, ಗೆದ್ದವನ ಬೆನ್ನಿಗೆ ಕುಸ್ತಿಗೆ ಮುಂಚೆ ಎರಚಿದ್ದ ಮಣ್ಣನ್ನು ಕೆರೆದುಕೊಳ್ಳುತ್ತಿದ್ದರು. ಅದನ್ನು ಹೆಗಲ ವಲ್ಲಿಯ ತುದಿಗೆ ಗಂಟು ಹಾಕಿಕೊಂಡು ಮನೆಗೆ ತಂದು ಮಕ್ಕಳ ತೋಳಿಗೆ ಹಚ್ಚುತ್ತಿದ್ದರು. ಹಚ್ಚಿದರೆ ಮಕ್ಕಳಿಗೆ ಬಲ ಬರುತ್ತದೆ ಎಂದು ನಂಬಿಕೆ. ದೇವರ ಪ್ರಸಾದಕ್ಕೂ ಅಷ್ಟು ನೂಕುನುಗ್ಗಲು ಇರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಈ ಪೈಲ್ವಾನನಿಗೆ ಎದುರಾಗಿ ನಿಂತವನು ನೆರೆಯವನ ಮಗ. ಎಳೆಯ ವಯಸ್ಸು, ಆದರೆ ಅವನ ಹಿಡಿತಕ್ಕೆ ಆಗಲೇ ಹೆಸರು ಬಂದಿತ್ತು. ಅವನು ಪೈಲ್ವಾನನ ಸೊಂಟ ಹಿಡಿದ, ಕೈ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಇನ್ನೊಂದು ಸಲ ಹಿಡಿಯುವಷ್ಟರಲ್ಲಿ ಅವನ ಬೆನ್ನು ನೆಲದ ಮೇಲಿತ್ತು.

ಎದ್ದು ನಿಂತವನು ತನ್ನ ಅಂಗೈಯನ್ನೇ ನೋಡಿಕೊಂಡ. “ಇವ್ರು ಮೈಗೆ ಎಣ್ಣೆ ಹಚ್ಕೊಂಡವ್ರೆ” ಎಂದು ಕೂಗಿದ.

ಎಣ್ಣೆಯ ಮೈಯಲ್ಲಿ ಅಖಾಡಕ್ಕೆ ಇಳಿಯಕೂಡದು ಎಂಬುದು ಅಲ್ಲಿಯ ಕಟ್ಟುಪಾಡು. ಆ ಗರಡಿಯ ಮಣ್ಣಿಗೂ ಮಜ್ಜಿಗೆ, ಅರಿಸಿನ ಬೆರೆಸುತ್ತಿದ್ದರೇ ಹೊರತು ಎಣ್ಣೆಯ ಹನಿಯನ್ನೂ ಸೇರಿಸುತ್ತಿರಲಿಲ್ಲ. ಗರಡಿಯ ಹಿರಿಯರು ಪಂಚೆ ಎತ್ತಿ ಕಟ್ಟಿಕೊಂಡು ಅಖಾಡಕ್ಕೆ ಇಳಿದರು. ಅಷ್ಟರಲ್ಲಿ ಪೈಲ್ವಾನನ ಬೆನ್ನಿನ ಮೇಲೆ ಒಂದು ಚಿಟಿಕೆ ಮಣ್ಣೂ ಉಳಿದಿರಲಿಲ್ಲ. ಜನ ಎಲ್ಲವನ್ನೂ ಕೆರೆದುಕೊಂಡು, ಅವನ ತಲೆಯ ಮೇಲೆ ಅರಿಸಿನದ ನೀರು ಸುರಿದು, ಹೆಗಲ ಮೇಲೆ ಹೊತ್ತುಕೊಂಡು ಊರ ದಾರಿ ಹಿಡಿದಿದ್ದರು. ಹುಡುಗನ ಅಂಗೈಯಲ್ಲಿ ಹೊಳೆಯುತ್ತಿದ್ದುದು ಎಣ್ಣೆಯೋ ಬೆವರೋ ಎಂದು ಹಿರಿಯರಿಗೆ ಗೊತ್ತಾಗಲಿಲ್ಲ.

ಗೊತ್ತಾಗದಿದ್ದರೂ ಅವರು ಸುಮ್ಮನಿರಲಿಲ್ಲ. ಪೈಲ್ವಾನ ಒಂದು ವರ್ಷ ಯಾವ ಅಖಾಡಕ್ಕೂ ಇಳಿಯಕೂಡದೆಂದು ಸಾರಿಸಿದರು. ಅವನನ್ನು ಕರೆಸಿ ಏನಪ್ಪಾ ನಿನ್ನ ಮಾತು ಎಂದು ಕೇಳಲಿಲ್ಲ. ದೊಡ್ಡವರೆನಿಸಿಕೊಂಡವರ ಅವಸರ ಅದು.

ರೈತನ ಮನೆಯಲ್ಲಿ ನಡೆದದ್ದೇ ಬೇರೆ. ಆ ಸಂಜೆ ಅವನು ವಲ್ಲಿಯ ಗಂಟು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮಣ್ಣನ್ನು ಮಗನ ಎರಡು ತೋಳಿಗೂ ಹಚ್ಚಿದ್ದ. ಮಾರನೆಯ ಬೆಳಗ್ಗೆ ಹೆಂಡತಿ ಮಗುವಿಗೆ ನೀರು ಹಾಕಿದಳು. ಬೇರೆ ಸಲ ಒಂದು ಚೊಂಬು ನೀರಿಗೆ ಹರಿದುಹೋಗುತ್ತಿದ್ದ ಮಣ್ಣು ಈ ಸಲ ಹೋಗಲಿಲ್ಲ. ಹಾಕಿದ ನೀರು ತೋಳಿನ ಮೇಲೆ ಹನಿಹನಿಯಾಗಿ ನಿಂತಿತು. ಅವಳು ಸೀಗೆಪುಡಿ ತಂದು ಉಜ್ಜಿದಳು.

“ಇದ್ರಲ್ಲಿ ಹರಳೆಣ್ಣೆ ಐತೆ ಕಣ್ರೀ” ಎಂದಳು.

ರೈತ ಬಂದು ಮಗನ ತೋಳು ಮುಟ್ಟಿದ. ಬೆರಳು ಜಾರಿತು. ವಲ್ಲಿಯ ತುದಿಯನ್ನು ನೋಡಿದ, ಅಲ್ಲೂ ಅಂಗೈಯಗಲ ಕಲೆ. “ಸುಮ್ನಿರು” ಎಂದಷ್ಟೇ ಹೇಳಿ ಹೊಲಕ್ಕೆ ಹೋದ. ಆ ಬೆಳಗ್ಗೆ ಆ ಊರಿನ ಎಷ್ಟೋ ಮನೆಗಳಲ್ಲಿ ಸೀಗೆಪುಡಿ ಖರ್ಚಾಯಿತು. ಯಾರೂ ಯಾರಿಗೂ ಹೇಳಲಿಲ್ಲ.

ಹೇಳದವರೇ ಹೆಚ್ಚು ಕೂಗಿದರು. ಅವನು ಎಣ್ಣೆ ಹಚ್ಚಿಲ್ಲ ಅಂದರು. ಹಚ್ಚಿದ್ದರೆ ತಾನೇ ಏನು, ಹಚ್ಚದವರು ಯಾರಿದ್ದಾರೆ ಅಂದರು. ಎಣ್ಣೆಯಿಲ್ಲದೆಯೂ ಆ ಹುಡುಗನನ್ನು ಅವನು ಎತ್ತಿ ಎಸೆಯುತ್ತಿದ್ದ ಅಂದರು. ಈ ಮೂರನ್ನೂ ಒಂದೇ ಬಾಯಿ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಕೇಳುವವರಿಗೂ ಅದು ವಿಚಿತ್ರವೆನಿಸಲಿಲ್ಲ, ಯಾಕೆಂದರೆ ಅವರೂ ಅದನ್ನೇ ಹೇಳುತ್ತಿದ್ದರು.

ಮಳೆ ಬಿದ್ದು ಉಳುಮೆ ಶುರುವಾಯಿತು. ನೆರೆಯವನು ಎಂದಿನಂತೆ ಎತ್ತು ಹೊಡೆದುಕೊಂಡು ಬಂದು ನೊಗಕ್ಕೆ ಕಟ್ಟಿದ. ಅವನ ಮುಖ ಕಂಡದ್ದೇ ರೈತನಿಗೆ ಒಳಗೆ ಏನೋ ಚುಚ್ಚಿತು. ಚುಚ್ಚಿದ್ದು ತನ್ನದೇ ಮನಸ್ಸು. ಆದರೆ ಸಿಟ್ಟು ಬಂದದ್ದು ಅವನ ಮೇಲೆ.

“ನಿನ್ ಮಗನ ಕೈಲಿ ಆಗ್ಲಿಲ್ಲ, ನಮ್ಮೋನ್ ಮೇಲೆ ಗೂಬೆ ಕೂರಿಸ್ದ” ಎಂದು ಅಂದೇಬಿಟ್ಟ.

ನೆರೆಯವನು ನೊಗದಿಂದ ತನ್ನ ಎತ್ತು ಬಿಚ್ಚಿಕೊಂಡು ಹಿಂದಕ್ಕೆ ಹೋದ. ಆ ಮುಂಗಾರಿನಲ್ಲಿ ಇಬ್ಬರೂ ಅವರಿವರ ಎತ್ತಿಗೆ ಕೈಯೊಡ್ಡಿ, ಹದ ಮೀರಿದ ಮೇಲೆ ಉತ್ತರು. ಬದುವಿನ ಈಚೆ ಒಬ್ಬ, ಆಚೆ ಒಬ್ಬ. ಮಧ್ಯಾಹ್ನ ಬೆನ್ನು ತಿರುಗಿಸಿ ಕುಳಿತು ಉಂಡರು. ರೈತನಿಗೆ ಗೆಳೆಯ ಬೇಕಾಗಿತ್ತು, ಪೈಲ್ವಾನನೂ ಬೇಕಾಗಿತ್ತು. ಎರಡನ್ನೂ ಇಟ್ಟುಕೊಳ್ಳುವ ದಾರಿ ಅವನಿಗೆ ಕಾಣಲಿಲ್ಲ.

ಪೈಲ್ವಾನ ಅರಮನೆಯ ನ್ಯಾಯಾಧಿಕಾರಿಯ ಬಳಿಗೆ ದೂರು ಒಯ್ದ. ಹಿಂಗಾರಿನ ಉಳುಮೆಯ ಹೊತ್ತಿಗೆ ವಿಚಾರಣೆ ಬಂತು, ಆ ದಿನ ಊರಿಗೆ ಊರೇ ನ್ಯಾಯಸ್ಥಾನದ ಬಾಗಿಲಲ್ಲಿ ನೆರೆಯಿತು. ರೈತ ನುಸುಳಿಕೊಂಡು ಮುಂದಿನ ಸಾಲಿಗೆ ಬಂದು ನಿಂತ.

ನ್ಯಾಯಾಧಿಕಾರಿ ಗರಡಿಯ ಹಿರಿಯರನ್ನು ಕೇಳಿದ, “ಅವನ ಬೆನ್ನಿನ ಮಣ್ಣು ಎಲ್ಲಿ?”

“ಜನ ಕೊಂಡುಹೋದರು ಸ್ವಾಮಿ. ನಮ್ಮ ಕಡೆ ಅದು ಪದ್ಧತಿ.”

“ಕೊಂಡುಹೋದ ಜನರಲ್ಲಿ ಒಬ್ಬರನ್ನಾದರೂ ಕರೆದು ಕೇಳಿದಿರಾ?”

ಹಿರಿಯರು ನೆಲ ನೋಡಿದರು. ಮುಂದಿನ ಸಾಲಿನಲ್ಲಿದ್ದ ರೈತನೂ ನೆಲ ನೋಡಿದ.

ನ್ಯಾಯಾಧಿಕಾರಿ ತೀರ್ಪು ಹೇಳಿದ. ಸಾಕ್ಷಿಯಿಲ್ಲದೆ, ಆರೋಪಿಯ ಮಾತನ್ನೂ ಕೇಳದೆ ಕೊಟ್ಟ ಶಿಕ್ಷೆ ಶಿಕ್ಷೆಯಲ್ಲ, ಅದನ್ನು ತೆಗೆದುಹಾಕಿದ್ದೇನೆ ಎಂದ. ಹೊರಗೆ ತಮಟೆ ಶುರುವಾಯಿತು. ಅವನ ಮಾತು ಇನ್ನೂ ಮುಗಿದಿರಲಿಲ್ಲ. ಪೈಲ್ವಾನ ಎಣ್ಣೆ ಹಚ್ಚಿದ್ದನೋ ಇಲ್ಲವೋ ಎಂದು ನಾನು ಹೇಳಿಲ್ಲ, ಹೇಳಲು ನನ್ನ ಮುಂದೆ ಏನೂ ಇಲ್ಲ ಎಂದೂ ಸೇರಿಸಿದ. ತಮಟೆಯ ಸದ್ದಿನಲ್ಲಿ ಆ ಮಾತು ಬಾಗಿಲು ದಾಟಲಿಲ್ಲ. ಮುಂದೆ ನಿಂತಿದ್ದ ರೈತನಿಗೆ ಮಾತ್ರ ಚೆನ್ನಾಗಿ ಕೇಳಿಸಿತು.

ನಿನ್ನೆಯವರೆಗೆ ಅರಮನೆಯವರಿಗೆ ಕುಸ್ತಿಯ ಗಂಧಗಾಳಿ ಇಲ್ಲ ಎನ್ನುತ್ತಿದ್ದವರು ಈಗ ನ್ಯಾಯಾಧಿಕಾರಿ ಧರ್ಮರಾಯನೇ ಸರಿ ಎಂದರು. ನಿನ್ನೆಯವರೆಗೆ ಅರಮನೆಯಲ್ಲಿ ನ್ಯಾಯ ಸಿಕ್ಕೇ ಸಿಗುತ್ತದೆ ಎನ್ನುತ್ತಿದ್ದ ಪಕ್ಕದ ಊರಿನವರು ನ್ಯಾಯಾಧಿಕಾರಿಗೂ ಪೈಲ್ವಾನನಿಗೂ ಯಾವುದೋ ನಂಟಿದೆ ಎಂದರು. ಆ ಮನುಷ್ಯ ಹೇಳಿದ್ದೇನೆಂದು ಈ ಕಡೆಯವರೂ ಕೇಳಲಿಲ್ಲ, ಆ ಕಡೆಯವರೂ ಕೇಳಲಿಲ್ಲ.

ಮೆರವಣಿಗೆ ಹೊರಟಿತು. ಪೈಲ್ವಾನ ಹೂಮಾಲೆ ಹಾಕಿಕೊಂಡು ನಡುವೆ ನಡೆಯುತ್ತಿದ್ದ. ಊರಿಗೆ ಹೋಗುವ ದಾರಿ ಪಕ್ಕದ ಊರಿನ ಒಳಗೇ ಹಾಯುತ್ತಿತ್ತು. ಯಾರೋ ಕಣ್ಣು ಹೊಡೆದರು. ತಮಟೆಯವರು ನೆರೆಯವನ ಮನೆಯ ಮುಂದೆ ನಿಂತುಬಿಟ್ಟರು. ನಿಂತು ಇನ್ನೂ ಜೋರಾಗಿ ಬಡಿದರು.

ನೆರೆಯವನು ಹೊರಗೆ ಬಂದ. ಜನರ ಮೇಲೆ ಕಣ್ಣಾಡಿಸಿದ. ಅವನ ಕಣ್ಣು ರೈತನ ಮೇಲೆ ನಿಂತಿತು. ಕೈಯೆತ್ತಿದ. ತಮಟೆ ನಿಂತಿತು.

“ಅವತ್ತು ನೀನೂ ಮಣ್ಣು ಗಂಟ್ ಹಾಕ್ಕೊಂಡ್ ಹೋದ್ಯಲ್ಲ” ಎಂದ. “ಮಗೀಗೆ ಹಚ್ಚಿರ್ತೀಯ. ಈ ಗಲಾಟೆಯೋರ್ ಮಾತು ನಂಗ್ ಬ್ಯಾಡ. ನೀನ್ ಹೇಳು, ಆ ಮಣ್ಣು ಹೆಂಗಿತ್ತು?”

ಅಲ್ಲಿದ್ದವರಲ್ಲಿ ಮಣ್ಣು ಮುಟ್ಟದವರು ಬಹಳ ಜನ ಇರಲಿಲ್ಲ. ಎಲ್ಲರ ಕಣ್ಣೂ ರೈತನ ಮುಖದ ಮೇಲೆ. ಅವನ ಪಕ್ಕದಲ್ಲೇ ಪೈಲ್ವಾನ. ನಿಜ ಹೇಳಿದರೆ ಊರು ತನ್ನನ್ನು ಬಿಡುವುದಿಲ್ಲ. ಹೇಳದಿದ್ದರೆ ಒಳಗೆ ಕುಳಿತಿರುವ ಹುಡುಗ ಸುಳ್ಳನಾಗುತ್ತಾನೆ. ಅದೂ ರೈತನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಆಡಿದ ಮಾತಲ್ಲ ಅದು.

“ಉದುರುದುರಾಗಿತ್ತು” ಎಂದ. “ಎಣ್ಣೆ ಗಿಣ್ಣೆ ಏನೂ ಇರ್ಲಿಲ್ಲ.”

ನೆರೆಯವನು ಹೆಗಲ ಭಾರ ಇಳಿಸಿದವನಂತೆ ತಲೆಯಾಡಿಸಿದ. “ನೀನ್ ಹೇಳಿದ್ಮೇಲೆ ಮುಗೀತು” ಎಂದು ಒಳಗೆ ಹೋಗಿ ಮಗನನ್ನು ಕರೆದುಕೊಂಡು ಬಂದ.

ಹುಡುಗ ಅಪ್ಪನ ಮುಖ ನೋಡಿದ, ರೈತನ ಮುಖ ನೋಡಿದ, ಕೊನೆಗೆ ತನ್ನ ಅಂಗೈ ನೋಡಿಕೊಂಡ. ಬಂದು ಪೈಲ್ವಾನನ ಕಾಲಿಗೆ ಬಿದ್ದ. ಪೈಲ್ವಾನ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅವನು ಹುಡುಗನನ್ನು ಎತ್ತಲಿಲ್ಲ, ರೈತನನ್ನು ನೋಡಿದ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡು ಅಸಹ್ಯವಾಯಿತು. ಜನ ಜೈ ಎಂದು ಕೂಗಿದರು.

ಮಾರನೆಯ ಬೆಳಗ್ಗೆ ನೆರೆಯವನು ಎತ್ತು ಹೊಡೆದುಕೊಂಡು ಹೊಲಕ್ಕೆ ಬಂದ. “ಮೊದ್ಲು ನಿಂದೇ ಹೂಡಾಣ” ಎಂದು ತಾನೇ ನೊಗಕ್ಕೆ ಕಟ್ಟಿದ. ಮಧ್ಯಾಹ್ನ ಬುತ್ತಿ ಬಿಚ್ಚಿ ಮುದ್ದೆಯನ್ನು ಮುರಿದು ದೊಡ್ಡ ಪಾಲನ್ನು ರೈತನ ಮುಂದಿಟ್ಟ. ಅವನ ಮಗ ಗರಡಿಯ ಕಡೆ ತಲೆ ಹಾಕಲಿಲ್ಲ. ಕೈಯಲ್ಲಿ ಕಸುವಿಲ್ಲದವನಿಗೆ ಕುಸ್ತಿ ಯಾತಕ್ಕೆ ಎಂದು ನೇಗಿಲ ಮೇಳಿ ಹಿಡಿದು ಉತ್ತ. ಪೈಲ್ವಾನ ಮತ್ತೆ ಅಖಾಡಕ್ಕೆ ಇಳಿದು ಮತ್ತೆ ಗೆದ್ದ. ಜನ ಮತ್ತೆ ಮಣ್ಣಿಗೆ ಮುಗಿಬಿದ್ದರು. ರೈತನಿಗೆ ಹೋದದ್ದೆಲ್ಲ ಹಿಂದಕ್ಕೆ ಬಂದಿತ್ತು. ಎತ್ತಿಗೆ ಜೋಡಿ ಸಿಕ್ಕಿತು, ಹೊಲಕ್ಕೆ ಹದ ಸಿಕ್ಕಿತು, ಗೆಳೆಯನೂ ಸಿಕ್ಕಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ನಿಂಗರಾಜ ಕಾದ. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ. ಅವನಿಗೆ ಸಿಟ್ಟೇ ಬಂದಿತ್ತು. “ಇದೇನು ಗುರುಗಳೇ, ಅವನ ಸುಳ್ಳು ಬಯಲಾಗಲೇ ಇಲ್ಲವೇ? ಆ ರೈತನಿಗೆ ಶಿಕ್ಷೆ ಅಂತ ಏನೂ ಆಗಲಿಲ್ಲವೇ?”

“ಆಯಿತಪ್ಪ,” ಎಂದರು ಗುರುಗಳು, “ನೆರೆಯವನು ಸಾಯುವ ತನಕ ಅವನನ್ನು ನಂಬಿದ.”