ಒಂದು ದಿನದ ಸೇವೆಗೆ ಹೋದ ಮುಂಗುಸಿ

ಹೊಳೆಯ ಈಚೆಗಿನ ಒಂದು ಕಾಡಿನಲ್ಲಿ ಭರಮಣ್ಣ ಎಂಬ ಮುಂಗುಸಿ ಇತ್ತು. ಕೆಲಸವೆಂದರೆ ಮೈಗಳ್ಳತನ, ಹೊಗಳಿಕೆಯೆಂದರೆ ಮೈಯೆಲ್ಲ ಕಿವಿ. ಆ ವರ್ಷ ಕಾಡಿಗೆ ಹೊಸ ಹಿರಿಯನನ್ನು ಆರಿಸಬೇಕಿತ್ತು. ಪಟ್ಟ ತನಗೇ ಸಿಗಲೆಂದು ಭರಮಣ್ಣ ಒಂದು ಉಪಾಯ ಹೂಡಿತು. ಹೊಳೆಯಾಚೆಯ ಪರದೇಶದ ಕಾಡಿನಲ್ಲಿ ತಾಯಿಯಿಲ್ಲದ ಮರಿಗಳ ಮನೆಯೊಂದಿತ್ತು. ಅಲ್ಲಿ ಒಂದೇ ಒಂದು ದಿನ ಸೇವೆ ಮಾಡಿ ಬಂದು ಸನ್ಮಾನ ಮಾಡಿಸಿಕೊಳ್ಳುವುದು. ತಬ್ಬಲಿ ಮರಿಗಳು ಈಚೆಯೂ ಇದ್ದವು ಬಿಡಿ. ಆದರೆ ಪಕ್ಕದ ಪೊದೆಗೆ ಹೋಗಿ ಬಂದವರಿಗೆ ಯಾರು ಹಾರ ಹಾಕುತ್ತಾರೆ? ಅವತ್ತಿನ ತನ್ನ ಬುದ್ಧಿ ನೆನೆದು ಭರಮಣ್ಣ ಇಂದಿಗೂ ತನ್ನ ತಲೆಗೆ ತಾನೇ ಮೊಟಕಿಕೊಳ್ಳುತ್ತದೆ.

ಮರಿಗಳ ಮನೆಯನ್ನು ನೋಡಿಕೊಳ್ಳುತ್ತಿದ್ದದ್ದು ಹೊನ್ನವ್ವ ಎಂಬ ಕರಡಿ. ಅದು ಭರಮಣ್ಣನಿಗೆ ಗೆಣಸು ಅಗೆಯುವ ಕೆಲಸ ಕೊಟ್ಟಿತು. ಎರಡು ಗೆಣಸು ಅಗೆಯುವಷ್ಟರಲ್ಲಿ ಸೇವಕರ ಉಗುರು ನೊಂದಿತು. ಮರಿಗಳೇ ಭರಮಣ್ಣನನ್ನು ನೆರಳಿನಲ್ಲಿ ಕೂರಿಸಿ, ಕಾಲಿಗೆ ಉಫ್ ಎಂದು ಊದಿ, ಉಳಿದ ಗೆಣಸು ಅಗೆದವು. ಊಟದಲ್ಲಿ ಮಾತ್ರ ಭರಮಣ್ಣ ಯಾರಿಗೂ ಕಡಿಮೆಯಾಗಲಿಲ್ಲ.

ಹೊರಡುವ ಹೊತ್ತಿಗೆ ಮಿಂಚುಳ್ಳಿಯೊಂದು ಕೊಂಬೆಯ ಮೇಲೆ ಬಂದು ಕೂತಿತು. ಎರಡೂ ದಡಕ್ಕೆ ಸುದ್ದಿ ಮುಟ್ಟಿಸುವ ಹಕ್ಕಿ ಅದು. ಅದು ನೋಡಲೆಂದೇ ಭರಮಣ್ಣ ತೋಳು ಚಾಚಿ ಮರಿಗಳನ್ನು ಕರೆಯಿತು. ಮುದ್ದಾದ ಜಿಂಕೆಮರಿ ಬರಬಹುದೆಂದುಕೊಂಡರೆ ಓಡಿ ಬಂದದ್ದು ಚುಕ್ಕಿ ಎಂಬ ಮುಳ್ಳುಹಂದಿ ಮರಿ. ಅದನ್ನು ಅದುವರೆಗೆ ಯಾರೂ ಅಪ್ಪಿಕೊಂಡಿರಲಿಲ್ಲ, ಪಾಪ. ಹಾಗಾಗಿ ಬಿಗಿಯಾಗಿ ಹಿಡಿದುಕೊಂಡಿತು. ನಾಳೆಯೂ ಬರುತ್ತೀಯಾ ಎಂದು ಕೇಳಿತು. ಮುಳ್ಳು ಚುಚ್ಚುತ್ತಿತ್ತು.

"ನಾಳೆ ಬರ್ತೀನಿ, ನಾಡಿದ್ದೂ ಬರ್ತೀನಿ. ಈಗ ಬಿಡು ಮಗಾ," ಎಂದಿತು ಭರಮಣ್ಣ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಬರುತ್ತೇನೆ ಎಂದವರ ಪಾಲನ್ನು ಎಲೆಯಲ್ಲಿ ಎತ್ತಿಡಬೇಕು. ಅವರು ಬಂದು ಉಣ್ಣುವ ತನಕ ಯಾರೂ ಉಣ್ಣಬಾರದು. ಬರುತ್ತೇನೆಂದು ಹೋದ ತಾಯಂದಿರಿಗಾಗಿ ಕಾದ ಮರಿಗಳು ತಾವೇ ಮಾಡಿಕೊಂಡ ಪದ್ಧತಿ. ಹೊನ್ನವ್ವ ಇದನ್ನು ಬಿಡಿಸಿ ಹೇಳಿತು. ಭರಮಣ್ಣ ತನ್ನ ಕೊರಳಿಗೆ ಯಾವ ಹೂವಿನ ಹಾರ ಒಪ್ಪೀತೆಂದು ಯೋಚಿಸುತ್ತ ತಲೆಯಾಡಿಸಿತು.

ಮರುದಿನ ಸಂಜೆ ಈಚೆಯ ಕಾಡಿನಲ್ಲಿ ಸನ್ಮಾನದ ಸಭೆ. ಮಿಂಚುಳ್ಳಿ ಬಂದು, ಹೊನ್ನವ್ವ ಎಷ್ಟು ಬೇಡಿಕೊಂಡರೂ ಮರಿಗಳು ಬೆಳಗಿನಿಂದ ಉಂಡಿಲ್ಲ ಎಂದು ಭರಮಣ್ಣನ ಕಿವಿಯಲ್ಲಿ ಹೇಳಿತು. ನನಗೆ ಜ್ವರ ಬಂದಿದೆ ಅನ್ನು ಎಂದು ಭರಮಣ್ಣ ಅದನ್ನು ಸಾಗಹಾಕಿ, ಹಸಿದ ಮರಿಗಳಿಗೆ ತಾನು ಹೇಗೆ ಉಣಿಸಿದೆ ಎಂಬ ಭಾಷಣಕ್ಕೆ ನಿಂತಿತು. ಒಂದು ತಾಸಾದರೂ ಭಾಷಣ ಮುಗಿಯಲಿಲ್ಲ.

ಅಷ್ಟರಲ್ಲಿ ಹೊಳೆಗೆ ಅಡ್ಡಬಿದ್ದ ಮರದ ಮೇಲೆ ಮರಿಗಳು ಸಾಲಾಗಿ ಬಂದವು. ಮುಂದೆ ಚುಕ್ಕಿ, ಅದರ ಬಾಯಲ್ಲಿ ಎಲೆಯ ಪೊಟ್ಟಣ. ಹಸಿವಿಗೆ ಕಾಲು ನಡುಗುತ್ತಿತ್ತು. ಪೊಟ್ಟಣವನ್ನು ಭರಮಣ್ಣನ ಮುಂದಿಟ್ಟು ಅದು ಹೇಳಿತು:

"ಜ್ವರ ಅಂತೆ. ನಿನ್ನ ಪಾಲು ತಂದಿದ್ದೀವಿ. ನೀನು ಒಂದು ತುತ್ತು ತಿಂದರೆ ನಾವೂ ತಿನ್ನಬಹುದು."

ಹಾರ ಹಿಡಿದು ನಿಂತಿದ್ದ ಆಮೆ ಹಾರವನ್ನು ಮೆಲ್ಲಗೆ ಕೆಳಗಿಟ್ಟಿತು. ಭರಮಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೊಟ್ಟಣ ಬಿಚ್ಚಿ ಒಂದು ತುತ್ತು ಹೇಗೋ ನುಂಗಿತು. ಆಮೇಲೆ ಮರಿಗಳು ಗಬಗಬನೆ ಉಂಡವು.

ನಾಳೆ ಬರುತ್ತೀಯಾ ಎಂದು ಚುಕ್ಕಿ ಮತ್ತೆ ಕೇಳಿತು. ಸಭೆಯೆಲ್ಲ ನೋಡುತ್ತಿತ್ತು. ಹೂಂ ಎಂದರೆ ಹೋದ ಮಾನ ತಿರುಗಿ ಬರುತ್ತಿತ್ತೇನೋ. ಆದರೆ ಭರಮಣ್ಣನಿಗೆ ತನ್ನ ಯೋಗ್ಯತೆ ಗೊತ್ತಿತ್ತು.

"ಇಲ್ಲ ಕಂದಾ, ನಾನು ಬರೋದಿಲ್ಲ. ನನ್ನ ಪಾಲು ಎತ್ತಿಡಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ."

ಚುಕ್ಕಿಯ ಮುಖ ಸಣ್ಣದಾಯಿತು. ಆದರೆ ಮರುದಿನದಿಂದ ಆ ಮನೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಂಡರು. ಹಿರಿಯನ ಪಟ್ಟ ಆಮೆಗೆ ಹೋಯಿತು. ಪರದೇಶಕ್ಕೆ ಹೋಗಿ ತಾನು ಮಾಡಿದ ಸೇವೆಯೆಂದರೆ ಆ ಒಂದು 'ಇಲ್ಲ' ಎಂದು ಭರಮಣ್ಣ ಈಗ ಕೇಳಿದವರಿಗೆಲ್ಲ ಹೇಳುತ್ತದೆ.

ನೀತಿ: ಮಕ್ಕಳಿಗೆ ನಡೆಸಲಾಗದ ಮಾತು ಕೊಡುವುದಕ್ಕಿಂತ, ಆಗುವುದಿಲ್ಲ ಎಂದು ನಿಜ ಹೇಳುವುದು ಮೇಲು.