ಕೊಕ್ಕರೆ ರಾಯರ ಸುಲಭ ಕಟ್ಟಳೆ

“ರೀ, ಮಕ್ಕಳಿರೋ ಬಿಲ ಡೊಂಕಾಗೇ ಇರ್ಲಿ, ನೆಟ್ಟಗೆ ಮಾಡಬೇಡಿ” ಎಂದು ಏಡಪ್ಪನಿಗೆ ಹೇಳಿ ಮೇವಿಗೆ ಹೋದ ಹೆಂಡತಿ ತಿರುಗಿ ಬರಲಿಲ್ಲ. ಕೊಕ್ಕರೆ ರಾಯರ ಬಾಯಿಗೆ ಬಿದ್ದಳೆಂದು ಕೆರೆಗೆಲ್ಲ ಗೊತ್ತಿತ್ತು. ಸಾವಿನ ಮನೆಗೆ ಮೊದಲು ಬಂದು ಅತ್ತವರೂ ರಾಯರೇ.

ದಂಡೆಯಲ್ಲಿ ಯಾರು ಎಲ್ಲಿ ಬಿಲ ತೋಡಬೇಕೆಂಬ ಕಟ್ಟಳೆಗಳು ಬಹಳ ಗೋಜಲಾಗಿದ್ದವು. ಅವನ್ನು ಬಡವರಿಗೂ ತಿಳಿಯುವಂತೆ ಸರಿಪಡಿಸುವ ಪುಣ್ಯವನ್ನೂ ರಾಯರೇ ಕಟ್ಟಿಕೊಂಡರು.

“ನೋಡು ಏಡಪ್ಪ, ಹತ್ತಾರು ಕಟ್ಟಳೆ ಇದ್ದದ್ದನ್ನು ಒಂದೇ ಮಾಡಿದ್ದೇನೆ. ಏಡಿಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಬಿಲ ನನ್ನ ಕೊಕ್ಕಿನಷ್ಟು ಆಳ ನೆಟ್ಟಗಿರಬೇಕು.”

ಏಡಪ್ಪ ಮಾತಿನಲ್ಲಿ ನಿಧಾನಿ. “ನಿಮ್ಮ ಕೊಕ್ಕೇ ಯಾಕೆ ರಾಯರೇ?”

“ಅಳತೆಗೆ ಸಿಕ್ಕಿದ್ದು ಅದೊಂದೇ.”

“ಬಲು ಸುಲಭ ಆಯ್ತು ಬಿಡಿ. ಇನ್ನು ನಿಮಗೆ ಹುಡುಕಾಡೋ ಕಷ್ಟವೂ ತಪ್ತು.”

“ನೆಟ್ಟಗಿಲ್ಲದ ಬಿಲಗಳನ್ನು ನಾಳೆ ಎಮ್ಮೆಗಳಿಂದ ತುಳಿಸುತ್ತೇನೆ” ಎಂದರು ರಾಯರು.

ಮರುದಿನ ಬೆಳಗಾಗುತ್ತಲೇ ಏಡಪ್ಪ ಮರಿಗಳನ್ನು ಕರೆದುಕೊಂಡು ಸಾಲಿಗೆ ಬಂದ. ಕಟ್ಟಳೆಯಂತೆ ಕೊಕ್ಕಿನಷ್ಟು ಆಳ ನೆಟ್ಟಗೆ ತೋಡಿದ. ಕಟ್ಟಳೆ ಅಲ್ಲಿಗೆ ಮುಗಿದಿತ್ತು. ಅಲ್ಲಿಂದ ಕೆಳಗೆ ಹೆಂಡತಿ ಹೇಳಿದ ಹಾಗೆ ಡೊಂಕಾಗಿ ತೋಡಿ, ಮರಿಗಳನ್ನು ಆ ತಿರುವಿನಾಚೆ ಮಲಗಿಸಿದ.