ಸತ್ಯದ ಕೋಲು, ಎಳ್ಳಿನ ಹೊಟ್ಟು

ಬಿಸಿಲಕೊಪ್ಪ ಅಂತ ಒಂದು ರಾಜ್ಯ. ಅಲ್ಲಿ ಮುದ್ದರಸ ಅಂತ ಒಬ್ಬ ದೊರೆ. ದೊರೆ ಕೆಟ್ಟವನಲ್ಲ, ಆದರೆ ಹೊಳೆದದ್ದನ್ನೆಲ್ಲ ನಂಬುವವನು. ಅಂಥವನು ಸಂತೆಗೆ ಬಂದರೆ ಅಂಗಡಿಯವರಿಗೆ ಲಾಭ, ಸಿಂಹಾಸನ ಹತ್ತಿದರೆ ಊರಿಗೆ ನಷ್ಟ.

ಒಂದು ವರ್ಷ ಸಂಕ್ರಾಂತಿ ಹತ್ತಿರ ಬಂತು. ತುಟಿ ಒಡೆಯುವ ಒಣ ಚಳಿ. ಎಳ್ಳು ಬೀರುವ ಹಬ್ಬವಲ್ಲವೇ, ಮನೆಮನೆಯಲ್ಲೂ ಎಳ್ಳು ನೆನೆಸಿ, ತಿಕ್ಕಿ, ಒಣಗಿಸಿ, ಮೊರದಲ್ಲಿ ಕೇರುತ್ತಿದ್ದರು. ಅರಮನೆಯಲ್ಲಿ ರಾಣಿಯೇ ಎಳ್ಳು ತಿಕ್ಕಲು ಕೂತಳು. ಎದ್ದು ನೋಡಿದರೆ ಬೆರಳಲ್ಲಿ ಕೆಂಪು ಹರಳಿನ ಉಂಗುರ ಇಲ್ಲ.

ಬುದ್ಧಿ ಇದ್ದವರು ಮೊದಲು ಮೊರ ಕೊಡವಿ ನೋಡುತ್ತಿದ್ದರು. ದೊರೆ ಜಂಬಯ್ಯನನ್ನು ಕರೆಸಿದ.

ಈ ಜಂಬಯ್ಯ ಪರವೂರಿಂದ ಬಂದು ಅರಮನೆಯಲ್ಲಿ ಬೇರು ಬಿಟ್ಟವನು. ಹೆಗಲ ಮೇಲೆ ಉಣ್ಣೆಯ ಶಾಲು, ಸೊಂಟದಲ್ಲಿ ತೀರ್ಥದ ಗಿಂಡಿ, ಕೈಯಲ್ಲಿ ಚಿನ್ನದ ಹಿಡಿಯ ಕೆಂಪು ಕೋಲು. ಅದಕ್ಕೆ ಸತ್ಯದ ಕೋಲು ಅಂತ ಹೆಸರು. ಆರೋಪ ಹೊತ್ತವನ ಅಂಗೈ ಮೇಲೆ ಎಳ್ಳಿನ ಹೊಟ್ಟು ಇಡಬೇಕು. ಮೇಲೆ ಕೋಲು ಹಿಡಿದಾಗ ಹೊಟ್ಟು ಎದ್ದು ಕೋಲಿಗೆ ಅಂಟಿದರೆ ಅವನು ಸತ್ಯವಂತ. ಹೊಟ್ಟು ಏಳದಿದ್ದರೆ ಕಳ್ಳ.

ಆ ದಿನ ಅರಮನೆಯೊಳಗೆ ಬಂದುಹೋದ ಹೊರಗಿನ ವ್ಯಾಪಾರಿಗಳು ಮೂವರು. ಮೂವರನ್ನೂ ನಿಲ್ಲಿಸಿದರು.

ಮೊದಲು ಹೂವಾಡಗಿತ್ತಿ. ಜಂಬಯ್ಯ ಕೋಲಿನ ಧೂಳು ತೆಗೆಯುವವನಂತೆ ಶಾಲಿನಿಂದ ಚೆನ್ನಾಗಿ ಒರೆಸಿದ. ಹೊಟ್ಟು ಹಾರಿ ಅಂಟಿತು. ಜನ ಕೈಮುಗಿದರು.

ಆಮೇಲೆ ಎಣ್ಣೆಯವನು. ಮತ್ತೆ ಶಾಲು, ಮತ್ತೆ ಒರೆಸಿದ್ದು. ಹೊಟ್ಟು ಹಾರಿ ಅಂಟಿತು.

ಮೂರನೆಯವನು ಬಳೆಗಾರ ನಿಂಗೋಜಿ. ಜಂಬಯ್ಯ ಗಿಂಡಿಯಿಂದ ಕೋಲಿಗೆ ತೀರ್ಥ ಸವರಿದ. ಹೊಟ್ಟು ಮಿಸುಕಲಿಲ್ಲ.

ಹೂವಾಡಗಿತ್ತಿಯೂ ಎಣ್ಣೆಯವನೂ ಜಂಬಯ್ಯನ ಮನೆಗೆ ಆಗಾಗ ಏನಾದರೂ ಮುಟ್ಟಿಸುವವರು. ನಿಂಗೋಜಿ ಮುಟ್ಟಿಸಿದವನಲ್ಲ. ಅಷ್ಟೇ ಆಗಿದ್ದರೆ ಜಂಬಯ್ಯ ಬಿಡುತ್ತಿದ್ದನೋ ಏನೋ. ಹಿಂದೊಮ್ಮೆ ನಿಂಗೋಜಿ ಆ ಕೋಲನ್ನು ಹತ್ತಿರದಿಂದ ನೋಡಿ, ಇದು ನಾವು ಬಳೆ ಮಾಡುವ ಅರಗಿನ ಹಾಗೇ ಇದೆಯಲ್ಲ ಅಂದುಬಿಟ್ಟಿದ್ದ. ಸರಕಿನ ಗುಟ್ಟು ಬಲ್ಲ ಗಿರಾಕಿಯನ್ನು ಮೋಸದ ವ್ಯಾಪಾರಿ ಊರಲ್ಲಿ ಉಳಿಸಿಕೊಳ್ಳುವುದಿಲ್ಲ.

ದೊರೆ ಅಪ್ಪಣೆ ಮಾಡಿದ. ಸಂಕ್ರಾಂತಿಯ ಸೂರ್ಯ ಹುಟ್ಟುವುದರೊಳಗೆ ನಿಂಗೋಜಿ ಸಂಸಾರ ಸಮೇತ ಊರು ಬಿಡಬೇಕು. ಬಳೆಗಾರನಿಗೆ ಊರು ಬಿಡುವುದೆಂದರೆ ಸುಮ್ಮನೆ ಅಲ್ಲ. ಯಾವ ಮನೆಯ ಹೆಣ್ಣುಮಗಳ ಕೈ ಯಾವ ಅಳತೆ ಅಂತ ಅವನ ಬೆರಳಿಗೇ ಗೊತ್ತು. ಬೇರೆ ಊರಲ್ಲಿ ಆ ಬೆರಳಿಗೆ ಬೆಲೆ ಇಲ್ಲ. ಕಳ್ಳ ಅಂತ ಹೆಸರು ಹೊತ್ತವನ ಕೈಗೆ ಯಾವ ತಾಯಿ ಮಗಳ ಕೈ ಕೊಡುತ್ತಾಳೆ?

ಅಪ್ಪನ ಜೊತೆ ಬಳೆಯ ಮಲಾರ ಹೊತ್ತು ಹೋಗಿದ್ದ ಮಗಳು ಹೊನ್ನಿ ಎಲ್ಲವನ್ನೂ ನೋಡಿದ್ದಳು. ಮನೆಗೆ ಬಂದವಳೇ ಬಳೆ ಮಾಡುವ ಅರಗಿನ ಕಡ್ಡಿಯೊಂದನ್ನು ತಂದು ಅವ್ವನ ಮೊರದ ಪಕ್ಕ ಕೂತಳು.

ಕಡ್ಡಿಯನ್ನು ಕಲ್ಲಿಗೆ ಉಜ್ಜಿ ಹೊಟ್ಟಿನ ಮೇಲೆ ಹಿಡಿದಳು. ಏನೂ ಆಗಲಿಲ್ಲ. ಬಾಳೆ ಎಲೆಗೆ ಉಜ್ಜಿ ಹಿಡಿದಳು. ಏನೂ ಆಗಲಿಲ್ಲ. ಹೊದ್ದಿದ್ದ ಕಂಬಳಿಗೆ ಉಜ್ಜಿದಳು. ಚಿಟಚಿಟ ಅಂತ ಸಣ್ಣ ಸದ್ದು. ಹೊಟ್ಟಿನ ಹತ್ತಿರ ಒಯ್ದದ್ದೇ ತಡ, ಮಳೆಹುಳದ ಹಾಗೆ ಎದ್ದು ಬಂದು ಕಡ್ಡಿಗೆ ಮೆತ್ತಿಕೊಂಡಿತು.

"ಊರು ಬಿಡೋ ಹೊತ್ತಲ್ಲಿ ಇದೇನೇ ನಿನ್ನ ಆಟ? ಕೇರಿದ್ದನ್ನೆಲ್ಲ ಮತ್ತೆ ಹರವ್ತೀಯಲ್ಲ," ಅಂತ ಅವ್ವ ಗದರಿದಳು.

"ಅವ್ವಾ, ನಿನ್ನ ಕೈ ಒದ್ದೆ ಮಾಡ್ಕೊಂಡು ಈ ಕಡ್ಡೀನ ಒಂದ್ಸಲ ಸವರು."

ಅವ್ವ ಗೊಣಗುತ್ತಲೇ ಸವರಿದಳು. ಮೆತ್ತಿದ್ದ ಹೊಟ್ಟು ಬಿತ್ತು. ಮತ್ತೆ ಹತ್ತಿರ ಒಯ್ದರೂ ಏಳಲಿಲ್ಲ. ಒರೆಸಿ, ಬಿಸಿಲಿಗೆ ಒಣಗಿಸಿ, ಕಂಬಳಿಗೆ ಉಜ್ಜಿದರೆ ಮತ್ತೆ ಹಾರಿತು. ಅವ್ವ ಗೊಣಗುವುದನ್ನು ನಿಲ್ಲಿಸಿ, ಮೊರ ಬದಿಗಿಟ್ಟು, ಕೊಡು ಇಲ್ಲಿ ಅಂತ ತಾನೇ ಉಜ್ಜತೊಡಗಿದಳು. ನಿಂಗೋಜಿಯೂ ಗಂಟು ಕಟ್ಟುವುದನ್ನು ಬಿಟ್ಟು ಬಂದು ಕೂತ. ದಿನವೂ ಅರಗು ಕಾಯಿಸುವ ಅವನಿಗೂ ಅದು ಹೊಸ ಸುದ್ದಿ.

ಮಧ್ಯಾಹ್ನ ಮೂವರೂ ಅರಮನೆಗೆ ಹೋದರು. ಹೊನ್ನಿ ಕೈಮುಗಿದು, ಅಪ್ಪನ ಮಾತು ನಂಬಬೇಡಿ, ನನ್ನ ಮಾತೂ ನಂಬಬೇಡಿ, ಅಯ್ಯನವರ ಕೋಲನ್ನೇ ಇನ್ನೊಮ್ಮೆ ಕೇಳಿ ಅಂದಳು. ಕೋಲಿಗೆ ಕಣ್ಣಿಲ್ಲ, ಜಾತಿಯಿಲ್ಲ, ಯಾರು ಹಿಡಿದರೂ ಸತ್ಯವನ್ನೇ ಹೇಳುತ್ತದೆ ಅಂತ ಜಂಬಯ್ಯ ಸಾರಿಕೊಂಡು ತಿರುಗಿದ್ದನಲ್ಲ, ಬೇಡ ಅನ್ನಲು ಬಾಯಿ ಬರಲಿಲ್ಲ.

"ಹಾಗಾದರೆ ಇವತ್ತು ದೊರೆಗಳೇ ಕೋಲು ಹಿಡೀಲಿ. ಹೊಟ್ಟು ಅಯ್ಯನವರ ಅಂಗೈ ಮೇಲಿರಲಿ," ಅಂದಳು ಹೊನ್ನಿ. "ನಮ್ಮಪ್ಪನಿಗೆ ತೀರ್ಥ ಸವರಿ ನೋಡಿದ್ರಿ. ಇವರಿಗೂ ಸವರಿ. ಒಬ್ಬರಿಗೊಂದು ತಕ್ಕಡಿ ಬೇಡ."

ದೊರೆಗೆ ಅದು ನ್ಯಾಯ ಅನ್ನಿಸಿತು. ಜಂಬಯ್ಯ ಶಾಲು ಹಿಡಿದು ಮುಂದೆ ಬಂದ, ಒರೆಸಿಕೊಡುತ್ತೇನೆ ಅಂದ. ದೊರೆ ಬೇಡ ಅಂದ. ಗಿಂಡಿ ತೆಗೆದುಕೊಂಡು ಕೋಲಿಗೆ ತೀರ್ಥ ಸವರಿ, ಜಂಬಯ್ಯನ ಅಂಗೈ ಮೇಲೆ ಹಿಡಿದ.

ಹೊಟ್ಟು ಮಿಸುಕಲಿಲ್ಲ. ಮತ್ತೊಮ್ಮೆ ಹಿಡಿದ. ಮಿಸುಕಲಿಲ್ಲ. ಮೂರನೆಯ ಸಲವೂ ಮಿಸುಕಲಿಲ್ಲ.

ದೊರೆಯ ಮುಖ ಕೆಂಪಾಯಿತು. ಕೋಲು ಸುಳ್ಳು ಹೇಳುವುದಿಲ್ಲ, ಅರಮನೆಯ ಅನ್ನ ತಿಂದು ಕದ್ದವನಿಗೆ ಊರು ಬಿಡಿಸಿದರೆ ಸಾಲದು, ಕೈ ಕಡಿಯಬೇಕು ಅಂದ. ಆಳುಗಳು ಜಂಬಯ್ಯನ ರಟ್ಟೆ ಹಿಡಿದರು.

ಜಂಬಯ್ಯ ಅತ್ತ ಇತ್ತ ನೋಡಿದ. ಕೋಲು ನಿಜವಾದರೆ ಕೈ ಹೋಗುತ್ತದೆ. ಕೈ ಉಳಿಯಬೇಕಾದರೆ ಕೋಲು ಸುಳ್ಳಾಗಬೇಕು.

"ಬರೀ ಅರಗು, ನನ್ನೊಡೆಯಾ," ಅಂದ ಮೆಲ್ಲಗೆ. "ಅದರಲ್ಲಿ ಸತ್ಯವೂ ಇಲ್ಲ, ಮಣ್ಣೂ ಇಲ್ಲ."

ಹೊನ್ನಿ ಕೋಲು ಒಣಗಿಸಿ, ತಾನು ಹೊದ್ದಿದ್ದ ಕಂಬಳಿಗೆ ಉಜ್ಜಿ, ಮೂಲೆಯಲ್ಲಿದ್ದ ಒನಕೆಯ ಮೇಲೆ ಹೊಟ್ಟು ಉದುರಿಸಿ ಹಿಡಿದಳು. ಹೊಟ್ಟು ಹಾರಿ ಅಂಟಿತು. ಒನಕೆಯೂ ಸತ್ಯವಂತನಾಯಿತು. ದೊರೆಗೆ ಕೋಪ ಇಳಿದು ಕುತೂಹಲ ಏರಿತು. ತಾನೇ ಉಜ್ಜಿ ಹತ್ತಿಯ ಎಳೆ ಎತ್ತಿದ, ನವಿಲುಗರಿಯ ಎಳೆ ಎತ್ತಿದ, ಕೊನೆಗೆ ತನ್ನ ಮೀಸೆಯನ್ನೇ ನಿಮಿರಿಸಿಕೊಂಡು ರಾಣಿಯನ್ನು ನಗಿಸಿದ. ಒಣ ಉಣ್ಣೆಗೆ ಉಜ್ಜಿದ ಅರಗಿನ ಮೈಮೇಲೆ ಒಂದು ಕಸುವು ಬಂದು ಕೂರುತ್ತದೆ, ಹಗುರಾದದ್ದನ್ನು ಎಳೆಯುತ್ತದೆ, ನೀರು ತಾಗಿದರೆ ಇಳಿದುಹೋಗುತ್ತದೆ ಅಂತ ಎಲ್ಲರಿಗೂ ತಿಳಿಯಿತು. ಇವತ್ತು ಓದಿದವರು ಅದನ್ನು ಸ್ಥಿರ ವಿದ್ಯುತ್ತು ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಅರಗು ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಚಣಿಗೆಯನ್ನು ಒಣ ತಲೆಗೂದಲಿಗೆ ಉಜ್ಜಿ ನೋಡಿ. ಎಣ್ಣೆ ಹಚ್ಚಿದ ತಲೆ ಬೇಡ.

ಆಮೇಲೆ ದೊರೆಗೆ ಉಂಗುರ ಹುಡುಕಬೇಕೆಂಬ ಬುದ್ಧಿ ಬಂತು. ಮೊರ ಕೊಡವಿದರು. ರಾಣಿಯ ಒದ್ದೆ ಬೆರಳಿಂದ ಜಾರಿದ ಉಂಗುರ ಹೊಟ್ಟಿನ ರಾಶಿಯಲ್ಲೇ ಇತ್ತು. ಯಾರೂ ಕದ್ದಿರಲಿಲ್ಲ.

ದೊರೆ ನಿಂಗೋಜಿಯನ್ನು ಕರೆದು ಎಲ್ಲರೆದುರು ತಪ್ಪಾಯಿತು ಅಂದ. ಹಬ್ಬದ ದಿನ ರಾಣಿಯೇ ಮೊದಲು ಕೈ ಚಾಚಿ ಅವನಿಂದ ಬಳೆ ತೊಡಿಸಿಕೊಂಡಳು. ಜಂಬಯ್ಯನ ಕೈ ಕಡಿಯಲಿಲ್ಲ. ಯಾರ್ಯಾರಿಂದ ಏನೇನು ತಿಂದಿದ್ದನೋ ಅವರವರ ಬಾಗಿಲಿಗೆ ಹೋಗಿ ಹಿಂದಿರುಗಿಸಿ, ಆ ಮನೆಯ ಮಕ್ಕಳಿಗೆ ಅರಗು ಉಜ್ಜುವುದನ್ನು ತೋರಿಸಿ ಬರಬೇಕು ಅಂತ ಶಿಕ್ಷೆ ಆಯಿತು. ಊರಿನ ಮಕ್ಕಳಿಗೆಲ್ಲ ಗುಟ್ಟು ಗೊತ್ತಾದ ಮೇಲೆ ಅವನ ಕೋಲಿಗೆ ಬಿಸಿಲಕೊಪ್ಪದಲ್ಲಿ ಗಿರಾಕಿಯೇ ಸಿಗಲಿಲ್ಲ.

ಇಷ್ಟು ತಿಳಿದುಕೊಳ್ಳಿ ಮಕ್ಕಳೇ: ಯಾರಾದರೂ ಪವಾಡ ಮಾರಲು ಬಂದರೆ ಕೈಮುಗಿಯಲು ಅವಸರ ಮಾಡಬೇಡಿ. ಮೊದಲು ನಿಮ್ಮ ಕೈಯಲ್ಲೇ ಉಜ್ಜಿ ನೋಡಿ.